ಬಲಗಡೆ ಎರಡು ಬೆರಳು

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಮಂಡಿಯೂರಿ ಕೂತಿರುವಾಗ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಈ ಕೆಲಸದಲ್ಲಿ ಅವಳಿಗೆ ಇಷ್ಟವಾದದ್ದು ಇದೊಂದೇ ಇರಬೇಕು. ಮೇಲೆ, ಸ್ಟೂಲಿನ ಮೇಲೆ ನಿಂತ ಗಿರಾಕಿ ತನ್ನ ಬೆನ್ನುನೋವನ್ನೋ ಮೇಲಧಿಕಾರಿಯ ಕಿರಿಕಿರಿಯನ್ನೋ ಹೇಳುತ್ತಿರುತ್ತಾನೆ. ಕೆಳಗೆ ಅವಳು ಪ್ಯಾಂಟಿನ ಅಂಚು ಮಡಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದೇ ಸೂಜಿ ಸಿಕ್ಕಿಸುತ್ತ 'ಹ್ಞೂಂ' ಎಂದರೆ ಸಾಕು. ಅದು ಹೊಲಿಯುವ ಅಂಗಡಿಯಲ್ಲ, ಹೊಲಿದದ್ದನ್ನು ತಿದ್ದುವ ಅಂಗಡಿ. ನೆಲಮಾಳಿಗೆಯಲ್ಲಿತ್ತು. ರಸ್ತೆಯ ಕಡೆಗಿದ್ದ ಒಂದೇ ಕಿಟಕಿ ಫುಟ್‌ಪಾತಿನ ಮಟ್ಟಕ್ಕೆ ಇದ್ದುದರಿಂದ ಹಗಲೆಲ್ಲ ಅದರಲ್ಲಿ ಬರೀ ಕಾಲುಗಳು ಹಾದುಹೋಗುತ್ತಿದ್ದವು. ಎರಡು ವರ್ಷದಲ್ಲಿ ಅವಳಿಗೆ ಕಾಲುಗಳ ಪರಿಚಯ ಚೆನ್ನಾಗಿ ಆಗಿತ್ತು. ಯಾರು ಅವಸರದಲ್ಲಿದ್ದಾರೆ, ಯಾರಿಗೆ ಹೊಸ ಬೂಟು ಕಚ್ಚುತ್ತಿದೆ, ಯಾರು ಎಲ್ಲಿಗೂ ಹೋಗಬೇಕಾಗಿಲ್ಲದೆ ಸುಮ್ಮನೆ ನಡೆಯುತ್ತಿದ್ದಾರೆ ಎಂದು ಮುಖ ನೋಡದೆಯೇ ಹೇಳಬಲ್ಲಳು. ಹೇಳಿ ಎಂದು ಯಾರೂ ಕೇಳಿರಲಿಲ್ಲ.

ಇವತ್ತಿನ ಗಿರಾಕಿ ಬೂದು ಪ್ಯಾಂಟಿನ ದಪ್ಪ ಮನುಷ್ಯ. ಅವನ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಗಿಡ್ಡ. ಅದು ಅವನಿಗೆ ಗೊತ್ತಿಲ್ಲ, ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. "ಎರಡೂ ಒಂದೇ ಅಳತೆ ತಾನೆ?" ಎಂದ. ಅವಳು ಸೂಜಿಗಳ ಸಂದಿಯಿಂದಲೇ "ಒಂದೇ ಸಾರ್" ಎಂದಳು, ಎಡಗಡೆ ಅರ್ಧ ಬೆರಳು ಮೇಲೆ ಗೆರೆ ಎಳೆದಳು. ಕೆಲಸಕ್ಕೆ ಸೇರಿದ ವಾರ ಮಾಸ್ಟರ್ ಹೇಳಿಕೊಟ್ಟ ಪಾಠ ಇದು. "ನೋಡು, ನೆಟ್ಟಗಿರೋ ಮೈ ಅಂತ ಲೋಕದಲ್ಲಿ ಒಂದೂ ಇಲ್ಲ. ಒಂದು ಭುಜ ಇಳಿದಿರುತ್ತೆ, ಒಂದು ಸೊಂಟ ಏರಿರುತ್ತೆ. ಅದನ್ನ ಗಿರಾಕಿಗೆ ಹೇಳೋಕೆ ಹೋಗ್ಬೇಡ. ಕೈಯಿಂದ ಕಾಸು ಕೊಟ್ಟು ಅದನ್ನ ಯಾರು ಕೇಳಿಸ್ಕೋತಾರೆ? ಬಾಯಿ ಮುಚ್ಕೊಂಡು ಬಟ್ಟೇಲಿ ಸರಿಮಾಡಿ ಕಳಿಸು." ಬಾಯಿ ಮುಚ್ಚಿಕೊಂಡಿರುವುದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ವಿಚ್ಛೇದನದ ದಿನ ನ್ಯಾಯಾಧೀಶರ ಎದುರಿಗೂ ಹಾಗೇ ಆಯಿತು. 'ನಿಮಗೆ ಒಪ್ಪಿಗೆಯೇ?' ಎಂದಾಗ ತಲೆಯಾಡಿಸಿದಳು. ಬಾಯಲ್ಲಿ ಹೇಳಬೇಕಮ್ಮಾ ಎಂದರು. ಒಪ್ಪಿಗೆ ಎಂದಳು. ಪಕ್ಕದಲ್ಲಿ ಅವನು, ಇನ್ನು ಹತ್ತು ನಿಮಿಷಕ್ಕೆ ಅವಳ ಗಂಡ ಅಲ್ಲದವನು, ಗಂಟಲು ಸರಿಮಾಡಿಕೊಂಡ. ಅವನ ಬೂಟಿನ ಲೇಸು ಬಿಚ್ಚಿತ್ತು. ಹೇಳಬೇಕೋ ಬೇಡವೋ ಎಂಬುದೇ ಅವತ್ತೆಲ್ಲ ಅವಳ ಯೋಚನೆ.

ಮಾಸ್ಟರ್ ಮೇಜಿನ ಮೇಲೆ ಬಟ್ಟೆಯ ರಾಶಿಯಡಿ ಎಲ್ಲೋ ಹುದುಗಿದ್ದ ಫೋನು ಹೊಡೆದುಕೊಂಡಿತು. ಮಾಸ್ಟರ್ ಹುಡುಕಿ ಎತ್ತಿಕೊಂಡು, ಹಲೋ ಎಂದು, ಕನ್ನಡಕ ಹಣೆಗೇರಿಸಿ ಅವಳ ಕಡೆ ನೋಡಿದರು. "ನಿನಗಂತೆ."

ಅವಳಿಗೆ ಇಲ್ಲಿಗೆ ಯಾರೂ ಫೋನು ಮಾಡುವುದಿಲ್ಲ. ಅವಳ ಮೊಬೈಲು ಮನೆಯಲ್ಲಿ ಮಗಳ ಹತ್ತಿರ ಇರುತ್ತದೆ. ಎಂಟು ವರ್ಷದ ಹುಡುಗಿ ಎರಡೂವರೆಗೆ ಶಾಲೆಯಿಂದ ಬಂದು ಸಂಜೆಯತನಕ ಒಬ್ಬಳೇ ಇರುವಾಗ ಕೈಯಲ್ಲಿ ಒಂದು ಫೋನಿರಲಿ ಎಂದು. ಸರಿಯಾಗಿ ಮೂರಕ್ಕೆ ಅದು ಬಡಿದುಕೊಳ್ಳುತ್ತದೆ. ಆಸ್ಪತ್ರೆಯ ಬಾಕಿ ವಸೂಲಿಗೆ ಹಿಡಿದ ಕಂಪನಿಯವನು. ತಾಯಿ ಮಗಳ ಮಧ್ಯೆ ಅವನಿಗೆ 'ಮೂರು ಗಂಟೆ' ಎಂದೇ ಹೆಸರು. 'ಮೂರು ಗಂಟೆ ಮಾಡಿದ್ನಾ?' 'ಮಾಡಿದ್ರಮ್ಮಾ.' 'ಏನಂದೆ?' 'ನೀನು ಸ್ನಾನ ಮಾಡ್ತಿದ್ದೀಯ ಅಂದೆ. ಆದ್ರೆ ಅಮ್ಮಾ, ದಿನಾ ಮೂರು ಗಂಟೆಗೇ ಸ್ನಾನ ಅಂದ್ರೆ ಅವ್ರು ನಂಬಲ್ಲ. ನಾಳೆ ಬೇರೆ ಏನಾದ್ರೂ ಹೇಳ್ಲಾ?' ಸುಳ್ಳು ಹೇಳುವುದರಲ್ಲಿ ಹುಡುಗಿಗೆ ಕೈ ಪಳಗುತ್ತಿರುವುದನ್ನು ನೋಡಿ ನಕ್ಕಿದ್ದಳು. ನಕ್ಕಿದ್ದು ತಪ್ಪು ಎಂದು ಅನ್ನಿಸುವಷ್ಟರಲ್ಲಿ ಪಾತ್ರೆ ತೊಳೆಯುವುದು ಬಾಕಿಯಿತ್ತು.

ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ಫೋನು ತೆಗೆದುಕೊಂಡಳು.

"ನಮಸ್ಕಾರ ಮೇಡಂ. ಸ್ನಾನ ಆಯ್ತಾ?"

ದನಿ ಅವಳು ಅಂದುಕೊಂಡದ್ದಕ್ಕಿಂತ ಎಳೆಯದು. ಯಾರದೋ ತಮ್ಮನ ದನಿಯ ಹಾಗೆ. ಸ್ಟೂಲಿನ ಮೇಲಿನ ಮನುಷ್ಯ ಒಂದು ಕಾಲು ಮಡಚಿದ, ಒಂದು ಕಾಲು ಬಿಟ್ಟ ಪ್ಯಾಂಟಿನಲ್ಲಿ ಹಾಗೇ ನಿಂತು ಗೋಡೆಯ ಕ್ಯಾಲೆಂಡರು ನೋಡುವ ಹಾಗೆ ಮಾಡುತ್ತಿದ್ದ.

"ತಮಾಷೆಗೆ ಅಂದೆ, ಬೇಜಾರು ಮಾಡ್ಕೋಬೇಡಿ. ಈ ನಂಬರ್ ಮಗೂನೇ ಕೊಟ್ಟಿದ್ದು, ಅದಕ್ಕೆ ಬೈಬೇಡಿ. ಚೂಟಿ ಇದೆ ಮಗು. ಮೇಡಂ, ನಾಲ್ಕು ತಿಂಗಳಾಯ್ತು. ನೀವು ಒಂದು ಸಲಾನೂ ಮಾತಾಡಿಲ್ಲ."

"ಮಗು ತಂದೆ ಇದ್ದಾರೆ," ಎಂದಳು, ಗೋಡೆಗೆ ಮುಖ ಮಾಡಿ. "ಆಸ್ಪತ್ರೆ ಖರ್ಚು ಅರ್ಧ ಅವರದು ಅಂತ ಕೋರ್ಟಿನ ಕಾಗದದಲ್ಲಿ ಇದೆ."

"ಇರ್ಲಿ ಮೇಡಂ, ಅದು ನಿಮ್ಮಿಬ್ಬರ ಮಧ್ಯದ್ದು. ಆಸ್ಪತ್ರೆ ಫಾರಂನಲ್ಲಿ ಸಹಿ ನಿಮ್ಮದು. ಬೇಕಾದ್ರೆ ಅವರ ನಂಬರ್ ಕೊಡಿ, ನಾನೇ ಮಾತಾಡ್ತೀನಿ."

ಗಂಡನಾಗಿದ್ದವನ ನಂಬರು ಕೊಡುವ ಹಾಗಿರಲಿಲ್ಲ. ಲಿಫ್ಟು ರಿಪೇರಿ ಮಾಡುವ ಅವನು, ಗ್ರೀಸಿನ ಬೆರಳಚ್ಚಿದ್ದ ಮೂರು ಕವರುಗಳಲ್ಲಿ, ಮೂರು ತಿಂಗಳು, ತನ್ನ ಪಾಲನ್ನು ತಂದುಕೊಟ್ಟಿದ್ದ. ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ. ಎಣಿಸ್ಕೋ ಎಂದಿದ್ದ. ಬೇಡ ಎಂದಿದ್ದಳು. ಮೂರನೇ ಕವರು ಬಂದ ವಾರವೇ ಈಗಿನ ಕೋಣೆ ಖಾಲಿಯಾಯಿತು, ಮೂರನೇ ಮಹಡಿ, ಶಾಲೆಗೆ ಹತ್ತಿರ, ಅಡ್ವಾನ್ಸು ಇವತ್ತೇ ಕೊಟ್ಟರೆ ನಿಮಗೆ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದ ಮನೆಯ ಮಾಲೀಕ. ಕವರುಗಳು ಆ ಕೋಣೆಯ ಗೋಡೆಯಾದವು, ಕಿಟಕಿಯಾದವು, ನಲ್ಲಿಯಾದವು. ಆಮೇಲೆ ತುಂಬಿಸಿದರಾಯಿತು ಎಂದುಕೊಂಡಿದ್ದಳು. ಈ ವಿಷಯ ಅವನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ರಜೆಯ ದಿನ ಮಗಳನ್ನು ಕರೆದೊಯ್ಯಲು ಬಂದಾಗಲೆಲ್ಲ ಅವನು ಕೋಣೆಯೊಳಗೆ ಇಣುಕಿ, 'ಪರವಾಗಿಲ್ಲ, ಗಾಳಿ ಬೆಳಕು ಇದೆ' ಎನ್ನುತ್ತಾನೆ, ಅವಳು ಮಗಳ ಚೀಲದ ಜಿಪ್ಪನ್ನು ಇನ್ನೊಮ್ಮೆ ಎಳೆದು ನೋಡುತ್ತಾಳೆ.

"ಮೇಡಂ? ಇದ್ದೀರಾ? ಒಂದು ಮಾತು ಹೇಳ್ಲಾ, ಇದು ಆಫೀಸಿನ ಮಾತಲ್ಲ. ಮೊನ್ನೆ ಮಗು ನನ್ನ ಕೇಳ್ತು, 'ಅಂಕಲ್, ಕಾಲು ಮತ್ತೆ ನೋಯ್ತಿದೆ ಅಂದ್ರೆ ಬಿಲ್ ಇನ್ನೂ ಜಾಸ್ತಿ ಆಗುತ್ತಾ?' ಅಂತ."

"ನೀವೇನಂದ್ರಿ?"

"ಆಗುತ್ತೆ ಅಂದೆ. ಇನ್ನೇನು ಹೇಳ್ಲಿ? ಆಗುತ್ತಲ್ಲ."

"ಆಮೇಲೆ?"

"ಆಮೇಲೆ, 'ನನಗೇನೂ ನೋಯಲ್ಲ, ಸುಮ್ನೆ ಕೇಳಿದೆ' ಅಂತು."

ಫೋನು ಇಟ್ಟಾಗ ಅಂಗೈಯಲ್ಲಿದ್ದ ಸೂಜಿಗಳಲ್ಲೊಂದು ಚುಚ್ಚಿ ಒಂದು ಹನಿ ರಕ್ತ ಬಂದಿತ್ತು. ಬೂದು ಪ್ಯಾಂಟಿಗೆ ತಾಗದಿರಲಿ ಎಂದು ಅದನ್ನು ನೆಕ್ಕಿಕೊಂಡು ಮತ್ತೆ ಮಂಡಿಯೂರಿದಳು. ಮಾಸ್ಟರ್ ಯಾರಿಗೋ ಹೇಳುವವರ ಹಾಗೆ, ಕತ್ತರಿಯನ್ನು ನೋಡುತ್ತ ಹೇಳಿದರು, "ಇದು ಗಿರಾಕಿಗಳು ಮಾಡೋ ಫೋನು." ಗಿರಾಕಿ ಕೆಮ್ಮಿದ. ಮೂಲೆಯಲ್ಲಿ ಕಾಜ ಹಾಕಿ ಗುಂಡಿ ಹೊಲಿಯುವ ಮುದುಕಿ, ಅಂಗಡಿಗೆಲ್ಲ ಕಾಜಕ್ಕ, ಗಿರಾಕಿ ಮೆಟ್ಟಿಲು ಹತ್ತಿ ಅವನ ಕಾಲು ಕಿಟಕಿಯಲ್ಲಿ ಮಾಯವಾಗುವತನಕ ಕಾದು ಬಾಯಿಬಿಟ್ಟಳು.

"ಯಾರೇ ಅದು? ಗಂಡನಾ?"

"ಅಲ್ಲ ಕಾಜಕ್ಕ."

"ಮುಖ ನೋಡಿದ್ರೆ ಗಂಡನ ಫೋನು ಬಂದ ಹಾಗಿದೆ."

"ಗಂಡ ಇಷ್ಟು ಸಲ ಫೋನ್ ಮಾಡ್ತಿದ್ದಿದ್ರೆ ನಾನು ಅವನನ್ನ ಬಿಡ್ತಾನೇ ಇರ್ಲಿಲ್ಲ."

ಕಾಜಕ್ಕ ಹಲ್ಲಿಲ್ಲದ ಬಾಯಲ್ಲಿ ನಕ್ಕು, ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಿಕೊಡು ಎಂದು ಕೈ ಚಾಚಿದಳು.

ನೋಯುತ್ತದೆ ಎಂದು ಮಗಳು ಒಂದು ಸಲವಾದರೂ ಹೇಳಿದ್ದಳೇ? ಬೂದು ಪ್ಯಾಂಟಿನ ಅಂಚಿಗೆ ಕಚ್ಚಾ ಹೊಲಿಗೆ ಹಾಕುತ್ತ ನೆನಪಿಸಿಕೊಳ್ಳಲು ನೋಡಿದಳು. ಹೋದ ವರ್ಷ ಶಾಲೆಯ ಆಟದ ಕಬ್ಬಿಣದ ಏಣಿಯಿಂದ ಬಿದ್ದು ಬಲ ತೊಡೆಯ ಮೂಳೆ ಮುರಿದಾಗ ಊರಿಗೆಲ್ಲ ಕೇಳುವ ಹಾಗೆ ಅತ್ತಿದ್ದಳು. ಸ್ಟೀಲು ಪಟ್ಟಿ ಹಾಕಿ ಕೂರಿಸಿದ ಡಾಕ್ಟರಮ್ಮ, ಬೆಳೆಯುವ ಮೂಳೆ, ನೋಡುತ್ತಾ ಇರಬೇಕು, ಮೂರು ತಿಂಗಳಿಗೊಮ್ಮೆ ತಪ್ಪದೆ ತನ್ನಿ ಎಂದಿದ್ದರು. ಮೊದಲ ಸಲ ಹೋದಾಗ ಕೌಂಟರಿನಲ್ಲಿ, ಎಲ್ಲರ ಎದುರಿಗೆ, ಹಿಂದಿನದು ಹಾಗೇ ಇದೆಯಲ್ಲಮ್ಮ ಎಂದರು. ಹಿಂದೆ ನಿಂತವರು ಒಂದು ಹೆಜ್ಜೆ ಹಿಂದಕ್ಕೆ ಸರಿದ ಹಾಗೆ ಅವಳಿಗೆ ಅನ್ನಿಸಿತು. ನಿಜವಾಗಿ ಸರಿದಿರಲಿಕ್ಕಿಲ್ಲ. ಆಮೇಲಿನ ಎರಡು ಸಲ ಅವಳು ಹೋಗಲಿಲ್ಲ. ನಡೆಯುತ್ತಿದ್ದಾಳಲ್ಲ, ಓಡುತ್ತಿದ್ದಾಳಲ್ಲ. ಪ್ರತಿ ರಾತ್ರಿ ಮಲಗುವ ಮುಂಚೆ 'ಕಾಲು ನೋವಿದ್ಯಾ?' ಎಂದು ಕೇಳುತ್ತಿದ್ದಳು. 'ಇಲ್ಲ' ಎನ್ನುವ ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿತ್ತು. ಹಾಗೆ ಬೇಗ ಬರುವ ಉತ್ತರ ಎಂಥದ್ದು ಎಂದು ಅವಳಿಗೆ ಗೊತ್ತಿರಬೇಕಿತ್ತು. ಒಂದೇ ಸಾರ್, ಎರಡೂ ಒಂದೇ ಅಳತೆ.

ಕೈ ನಿಂತಿತು. ಬಲಗಡೆಯ ಅಂಚು, ಎಡಗಡೆಯ ಅಂಚು, ನಡುವೆ ಅರ್ಧ ಬೆರಳು. ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಅವಸರದಲ್ಲಿ, ಬ್ರೆಡ್ಡು ತಿನ್ನುತ್ತಿದ್ದ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಶಾಲೆಯ ಲಂಗದ ಅಂಚನ್ನು ತಾನೇ ತಿದ್ದಿದ್ದಳು. ಬಲಗಡೆ ಸ್ವಲ್ಪ ಜೋತುಬಿದ್ದಿತ್ತು. ಬಟ್ಟೆ ಒಗೆದು ಒಗೆದು ಜಗ್ಗಿದೆ ಎಂದುಕೊಂಡಳು. ನಾಲ್ಕು ಸೂಜಿ, ಎರಡು ನಿಮಿಷ, ನೂಲು ಹಿಡಿದ ಹಾಗೆ ಸಮ ಆಯಿತು. ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಈಗ ಚೆಂದ ಎಂದಳು. ಅದಕ್ಕೂ ಮುಂಚೆ ರಜೆ ಮುಗಿದು ಶಾಲೆ ಶುರುವಾದಾಗ ಒಮ್ಮೆ. ಅದಕ್ಕೂ ಮುಂಚೆ, ಲಂಗ ಇನ್ನೂ ಹೊಸತಿದ್ದಾಗ, ಹೊಸ ಬಟ್ಟೆ ಜಗ್ಗುವುದು ಎಲ್ಲಿ ಬಂತು, ಆಗಲೂ ಒಮ್ಮೆ. ಮೂರು ಸಲ. ಪ್ರತಿ ಸಲವೂ ಬಲಗಡೆ. ಪ್ರತಿ ಸಲವೂ ಹುಡುಗಿ ಮೂಗಿನ ಮೇಲೆ ಸಕ್ಕರೆ ಅಂಟಿಸಿಕೊಂಡು, ಕದಲದೆ, ಅಮ್ಮನ ನೆತ್ತಿ ನೋಡುತ್ತ ನಿಂತಿದ್ದಳು. ಊರವರ ಕಾಲೆಲ್ಲ ಕಿಟಕಿಯಿಂದ ಅಳೆಯುವವಳು ತನ್ನ ಮಗುವಿನ ಕಾಲನ್ನು ನೋಡಿರಲಿಲ್ಲ. ನೋಡಿರಲಿಲ್ಲ ಎಂದರೂ ಸುಳ್ಳೇ. ಕೈ ನೋಡಿತ್ತು. ಕೈ ನೋಡಿ, ಅಳೆದು, ಕಲಿತ ಪಾಠದ ಪ್ರಕಾರ ಬಾಯಿ ಮುಚ್ಚಿಕೊಂಡು ಬಟ್ಟೆಯಲ್ಲಿ ಸರಿಮಾಡಿತ್ತು.

"ಮಾಸ್ಟರ್, ನಾಳೆ ನನಗೆ ರಜೆ ಬೇಕು."

"ನಾಳೆ ಹೋಟ್ಲಿನೋರ ಹನ್ನೆರಡು ಕೋಟು ಕೊಡ್ಬೇಕು."

"ಗೊತ್ತು."

ಮಾಸ್ಟರ್ ಕನ್ನಡಕ ಇಳಿಸಿ ನೋಡಿದರು. ಎರಡು ವರ್ಷದಲ್ಲಿ ಅವಳು ಅವರ ಮಾತಿಗೆ ಗೊತ್ತು ಎಂದದ್ದು ಇದೇ ಮೊದಲು. "ಸಂಬಳ ಹಿಡೀತೀನಿ," ಎಂದರು, ಆದರೆ ಹೇಳುವಾಗಲೇ ಕೋಟುಗಳ ಗಂಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು.

ಸಂಜೆ ಮನೆಯ ಮೆಟ್ಟಿಲಿನ ಬುಡದಲ್ಲಿ ಅವಳು ಯಾವತ್ತಿನ ಹಾಗೆ ಮಗಳ ಹೆಸರು ಹಿಡಿದು ಕೂಗಲಿಲ್ಲ. ಗೋಡೆಗೆ ಒತ್ತಿ ನಿಂತು ಕಾದಳು. ಈ ಹೊತ್ತಿಗೆ ಹುಡುಗಿ ಹಾಲಿನ ಪ್ಯಾಕೆಟ್ಟಿಗೆ ಕೆಳಗಿನ ಅಂಗಡಿಗೆ ಇಳಿಯುತ್ತಾಳೆ. ಮೇಲೆ ಬಾಗಿಲು ತೆರೆದ ಸದ್ದು. ಆಮೇಲೆ ಹೆಜ್ಜೆ. ಒಂದು ಭಾರ, ಒಂದು ಹಗುರ, ನಡುವೆ ಒಂದು ತಡೆ. ಮೊದಲ ಮಹಡಿಯ ತಿರುವಿನಲ್ಲಿ ಕಂಡಳು: ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ಮೆಟ್ಟಿಲ ಮೇಲೂ ಎರಡೂ ಪಾದ ಸೇರಿಸಿ ನಿಂತು, ಉಸಿರು ತೆಗೆದುಕೊಂಡು, ಮುಂದಿನದಕ್ಕೆ ಇಳಿಯುತ್ತಿದ್ದಳು. ತುಟಿ ಒಳಗೆ ಎಳೆದುಕೊಂಡಿದ್ದಳು. ತಾಯಿಯನ್ನು ಕಂಡದ್ದೇ ಕಂಬಿ ಬಿಟ್ಟು, ಒಂದೊಂದು ಮೆಟ್ಟಿಲಿಗೆ ಒಂದೊಂದೇ ಕಾಲಿಡುತ್ತ, ಹಾಡಿಕೊಳ್ಳುತ್ತ, ನೆಟ್ಟಗೆ ಇಳಿದುಬಂದಳು.

"ಅಮ್ಮಾ! ಇವತ್ತು ಮೂರು ಗಂಟೆ ಫೋನೇ ಮಾಡಿಲ್ಲ! ಅವ್ರಿಗೆ ಜ್ವರ ಬಂದಿರ್ಬೇಕು."

"ಇರ್ಬೇಕು," ಎಂದಳು. ಅಷ್ಟು ಚೆಂದದ ನಡಿಗೆಯನ್ನು ಕಲಿಯಲು ಹುಡುಗಿ ಎಷ್ಟು ದಿನ ತೆಗೆದುಕೊಂಡಳೋ ಎಂದು ಯೋಚಿಸುತ್ತ ಹಾಲು ತಾನೇ ತಂದಳು.

ಕೋಣೆಯಲ್ಲಿ ಇನ್ನೂ ಬೆಳಕಿತ್ತು. ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಬೆಳಿಗ್ಗೆ ತಾನೇ ಸರಿ ಮಾಡಿದ್ಯಲ್ಲ ಎಂದಿತು ಮಗು. ಹ್ಞೂಂ ಎಂದು ಮಂಡಿಯೂರಿ ಬ್ಲೇಡಿನಿಂದ ಹೊಲಿಗೆ ಬಿಚ್ಚಲು ಶುರುಮಾಡಿದಳು. ಬೆಳಿಗ್ಗೆಯದು ಬಿಚ್ಚಿತು. ಅದರ ಕೆಳಗೆ ರಜೆಯ ನಂತರದ್ದು, ಬಿಚ್ಚಿಹೋಗಿ ತೂತುಗಳು ಮಾತ್ರ ಉಳಿದದ್ದು. ಅದರ ಕೆಳಗೆ ಮೊದಲನೆಯದರ ತೂತುಗಳು. ಎಡಗಡೆ ಒಂದೇ ಸಾಲು. ಬಲಗಡೆ ಮೂರು ಸಾಲು ಸೂಜಿತೂತು, ಒಂದರ ಮೇಲೊಂದು, ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ ಹಾಗೆ. ದಾರ ಪೂರ್ತಿ ಎಳೆದಾಗ ಅಂಚು ಜಾರಿ ಬಿತ್ತು. ಬಲಗಡೆ ಎರಡು ಬೆರಳು ಕೆಳಗೆ. ಅವಳು ಬೆರಳಿಟ್ಟು ನೋಡಿದಳು. ಎರಡೇ ಬೆರಳು, ಸರಿಯಾಗಿ.

"ಅಮ್ಮಾ, ಸೊಟ್ಟ ಆಗೋಯ್ತು. ಬೇಗ ಹೊಲಿ. ನಾಳೆ ಸ್ಕೂಲಿದೆ."

"ನಾಳೆ ಹೀಗೇ ಹಾಕ್ಕೊಂಡು ಹೋಗೋದು."

"ಎಲ್ಲರೂ ನಗ್ತಾರೆ!"

"ಸ್ಕೂಲಿಗಲ್ಲ. ಆಸ್ಪತ್ರೆಗೆ."

ಮಗು ಸ್ಟೂಲಿನ ಮೇಲೆ ಬಿಗಿಯಾಯಿತು. "ನನಗೇನೂ ನೋವಿಲ್ಲಮ್ಮ," ಎಂದಿತು. ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೌಂಟರಿನ ಮುಂದೆ ನಿಂತರು. ಕೌಂಟರಿನವಳು ಕಂಪ್ಯೂಟರ್ ನೋಡಿ, ಹಿಂದಿನದು ಹಾಗೇ ಇದೆಯಲ್ಲಮ್ಮ ಎಂದಳು, ಅದೇ ಮಾತು, ಅದೇ ಗಟ್ಟಿ ದನಿ. "ಗೊತ್ತು," ಎಂದಳು ಅವಳು. ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಲಿಲ್ಲ. ಎರಡನೇ ಕಿಟಕಿಗೆ ಹೋಗಿ ಎಂದರು, ಹೋದಳು. ಸಾಹೇಬರು ಹತ್ತಕ್ಕೆ ಬರ್ತಾರೆ ಎಂದರು, ಕಾದಳು. ಹನ್ನೊಂದಕ್ಕೆ ಬಂದ ಸಾಹೇಬರು, ಹಳೇದು ವಸೂಲಿಯವರಿಗೆ ಹೋಗಿದೆ, ಅದು ಅವರ ಹತ್ತಿರವೇ ಮಾತಾಡಿಕೊಳ್ಳಬೇಕು, ಹೊಸದಕ್ಕೆ ಹೊಸ ಸಹಿ ಎಂದು ಒಂದು ಫಾರಂ ಮುಂದೆ ತಳ್ಳಿದರು. ಜವಾಬ್ದಾರರು ಎಂಬ ಜಾಗದಲ್ಲಿ ಸಹಿ ಮಾಡಿದಳು. ಹೋದ ಸಲ ಇದೇ ಜಾಗದಲ್ಲಿ ಸಹಿ ಮಾಡುವಾಗ ಕೊನೆಯ ಅಕ್ಷರ ಗೆರೆ ದಾಟಿತ್ತು. ಈ ಸಲ ಸಹಿ ಚೆನ್ನಾಗಿ ಬಂತು. ನಲವತ್ತೇಳನೇ ಟೋಕನ್ ಕೊಟ್ಟರು. ಒಳಗೆ ಹನ್ನೆರಡು ನಡೆಯುತ್ತಿತ್ತು.

ಹಸಿರು ಬೆಂಚಿನ ಮೇಲೆ ಕೂತರು. ಎದುರಿನ ಬೆಂಚಿನ ಹೆಂಗಸೊಬ್ಬಳು ಮಗುವಿನ ಸೊಟ್ಟ ಲಂಗವನ್ನು, ನೇತಾಡುವ ದಾರವನ್ನು, ಆಮೇಲೆ ತಾಯಿಯನ್ನು ನೋಡಿದಳು. ಇಷ್ಟು ಮಾಡಿಕೊಡಲೂ ಆಗದ ತಾಯಿ. ಹೊಲಿಗೆಯೇ ತನ್ನ ಹೊಟ್ಟೆಪಾಡು ಎಂದು ಹೇಳಿಬಿಡಬೇಕು ಎನ್ನಿಸಿತು, ಹೇಳಲಿಲ್ಲ. ಮಗು ಬಲಗಡೆಯ ಅಂಚನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದುಕೊಂಡಿತು. ಬಿಡು ಎಂದು ಕೈ ಬಿಡಿಸಿದಳು. ಬ್ರೆಡ್ಡು ತಿಂದರು. ಮಗು ನಿದ್ದೆ ಮಾಡಿ ಎದ್ದಿತು. ಮೂವತ್ತೊಂಬತ್ತು ನಡೆಯುವಾಗ ಚೀಲದಲ್ಲಿ ಮೊಬೈಲು ಹೊಡೆದುಕೊಂಡಿತು. ಗೋಡೆಯ ಗಡಿಯಾರದಲ್ಲಿ ಮೂರು.

ಮಗುವಿನ ಕೈ ಅಭ್ಯಾಸದಿಂದ ಚೀಲಕ್ಕೆ ಹೋಯಿತು. ಫೋನು ತೆಗೆದು, ಕಿವಿಗೆ ಹಿಡಿಯುವ ಮುಂಚೆ ಅಮ್ಮನ ಮುಖ ನೋಡಿತು. ಅವಳು ಕೈ ಚಾಚಿದಳು.

"ನಾನೇ," ಎಂದಳು.

ಅತ್ತ ಕಡೆ ಕಾಗದ ಮಗುಚಿದ ಸದ್ದು. ಇಷ್ಟು ತಿಂಗಳು ಹುಡುಕಿದ ಹೆಂಗಸು ಈ ನಂಬರಿನಲ್ಲಿ ಎತ್ತಿಕೊಂಡರೆ ಏನು ಹೇಳಬೇಕೆಂದು ಅವನ ಕಾಗದದಲ್ಲಿ ಬರೆದಿರಲಿಲ್ಲವೇನೋ. "ಮೇಡಂ, ನಮಸ್ಕಾರ. ಅದೇ, ತಂದೆಯವರ ನಂಬರ್..."

"ಅವರು ಕೊಟ್ಟಾಗಿದೆ. ಅವರ ಪಾಲು ಪೂರ್ತಿ ಕೊಟ್ಟಿದ್ದಾರೆ. ನಾನು ಅದನ್ನ ಕೋಣೆಗೆ ಅಡ್ವಾನ್ಸ್ ಕೊಟ್ಟೆ." ದನಿ ತನ್ನದಲ್ಲವೆನ್ನಿಸುವಷ್ಟು ಗಟ್ಟಿಯಾಗಿತ್ತು, ಎದುರಿನ ಬೆಂಚಿನ ಹೆಂಗಸಿಗೂ ಕೇಳಿಸಿತು. ಕೇಳಿಸಲಿ. "ಅವರಿಗೆ ಈ ಭಾನುವಾರ ನಾನೇ ಹೇಳ್ತೀನಿ. ನಿಮಗೆ ಪ್ರತಿ ತಿಂಗಳು ಸಂಬಳದ ದಿನ, ನನ್ನ ಕೈಲಿ ಎಷ್ಟಾಗುತ್ತೋ ಅಷ್ಟು. ಇವತ್ತು ಇನ್ನೊಂದು ಬಿಲ್ ಆಗುತ್ತೆ. ಅದನ್ನೂ ಬರ್ಕೊಳ್ಳಿ."

"ಇನ್ನೊಂದಾ? ಮಗೂಗೆ ಏನಾಯ್ತು ಮೇಡಂ?"

"ಏನೂ ಆಗಿಲ್ಲ. ತೋರಿಸೋಕೆ ಬಂದಿದ್ದೀವಿ." ಸ್ವಲ್ಪ ತಡೆದು, "ಇನ್ನು ಮೇಲೆ ಅಂಗಡಿಗೆ ಮಾಡ್ಬೇಡಿ. ಮಗೂ ಹತ್ರಾನೂ ಬೇಡ. ಏಳು ಗಂಟೆಗೆ ಮಾಡಿ, ನಾನು ಇರ್ತೀನಿ," ಎಂದಳು.

ಫೋನು ಚೀಲಕ್ಕೆ ಹಾಕಿದಳು. ಬೆನ್ನನ್ನು ಗೋಡೆಗೆ ಕೊಟ್ಟಳು. ಹಗುರವಾದಂತೇನೂ ಅನ್ನಿಸಲಿಲ್ಲ, ಒಂದೇ ಕೈಯಲ್ಲಿ ಹಿಡಿದಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಷ್ಟು. ಮಗು ಕಾಲು ಆಡಿಸುತ್ತ ಕೂತಿತ್ತು, ಎಡಗಾಲು ಮಾತ್ರ.

"ಅಮ್ಮಾ. ಬಿಲ್ ಆಗುತ್ತೆ ಅಂತ ನೀನೇ ಹೇಳ್ಬಿಟ್ಯಲ್ಲ."

"ಹ್ಞೂಂ."

"ಹೇಗಿದ್ರೂ ಆಗುತ್ತಾ? ನೋವಿಲ್ಲ ಅಂದ್ರೂ?"

"ನೋವಿಲ್ಲ ಅಂದ್ರೂ ಆಗುತ್ತೆ."

ಮಗು ಎಡಗಾಲನ್ನು ನಿಲ್ಲಿಸಿತು. ನಲವತ್ತು ಎಂದು ಒಳಗಿನಿಂದ ಕೂಗಿದರು. ಯಾರೋ ಎದ್ದರು, ಕೂತರು. ಆಮೇಲೆ ಅದು ಅಂಗೈಯನ್ನು ತೊಡೆಯ ಮೇಲಿಟ್ಟು, ಗುಟ್ಟು ಹೇಳುವ ಹಾಗೆ, ಲಂಗಕ್ಕೇ ಹೇಳಿತು. "ಇಲ್ಲಿ. ಮೆಟ್ಟಿಲು ಇಳಿಯುವಾಗ."

ಅವಳು ಬೆಂಚಿನಿಂದ ಜಾರಿ ನೆಲಕ್ಕೆ ಮಂಡಿಯೂರಿದಳು. "ಇಲ್ಲೇನಾ?"

"ಇನ್ನೂ ಮೇಲೆ."

"ಇಲ್ಲಿ?"

"ಅದರ ಹಿಂದೆ. ಹ್ಞಾ. ಅಲ್ಲೇ. ಆಟದ ಪೀರಿಯಡ್ಡಲ್ಲಿ ಇಲ್ಲೂ." ಒಮ್ಮೆ ಶುರುವಾದದ್ದೇ ತಡ, ನಿಲ್ಲಲಿಲ್ಲ. ಇಲ್ಲಿ ಬೆಳಿಗ್ಗೆ ಎದ್ದಾಗ ಮಾತ್ರ, ಇಲ್ಲಿ ಯಾವಾಗಲೂ, ಇಲ್ಲಿ ಒತ್ತಿದರೆ.

ಒಳಗೆ ಹೋದ ಮೇಲೆ, ಡಾಕ್ಟರಮ್ಮನ ಎದುರಿಗೆ, ಇದೆಲ್ಲ ಮರೆತುಹೋಗಬಹುದು, ಅಥವಾ ನಾಲಿಗೆ ಅಂಟಿಕೊಳ್ಳಬಹುದು, ತನ್ನದೋ ಮಗಳದೋ. ಅವಳು ಚೀಲದ ತಳದಲ್ಲಿ ಕೈಯಾಡಿಸಿ ಸೀಮೆಸುಣ್ಣದ ತುಂಡು ಹುಡುಕಿದಳು. ಮಗು ಬೆರಳಿಟ್ಟು ತೋರಿಸಿದ ಜಾಗದಲ್ಲೆಲ್ಲ, ಬಿಚ್ಚಿದ ಅಂಚಿನಿಂದ ಮೇಲಕ್ಕೆ, ನೀಲಿ ಲಂಗದ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಒಂದೊಂದು ಬಿಳಿ ಗೆರೆ ಎಳೆಯುತ್ತ ಹೋದಳು.